ವಯರಿನ ತುದಿಯ ಟೋಪಿ

ಬಿಸ್ಕತ್ತು ಮುಗಿದು ಎಷ್ಟೋ ವರ್ಷವಾದ ಒಂದು ತಗಡಿನ ಡಬ್ಬಿ ನಮ್ಮ ಮನೆಯಲ್ಲಿದೆ. ಯಾವ ಅಂಗಿಗೂ ಹೊಂದದ ಗುಂಡಿಗಳು, ಯಾವ ಬೀಗಕ್ಕೂ ಆಗದ ಕೀಲಿಕೈಗಳು, ಕನ್ನಡಕದ ಒಂಟಿ ಕಾಲು, ಹೀಗೆ ಸಂಸಾರ ಬಿಟ್ಟವರೆಲ್ಲ ಅದರೊಳಗೆ ಒಟ್ಟಿಗಿದ್ದಾರೆ. ಮೊನ್ನೆ ನನ್ನ ಹೆಂಡತಿ ಸೂಜಿ ಹುಡುಕುತ್ತ ಅದನ್ನು ಚಾಪೆಯ ಮೇಲೆ ಸುರುವಿದಳು. ಸೂಜಿ ಸಿಗಲಿಲ್ಲ. ಬೆರಳ ತುದಿಯಷ್ಟು ದೊಡ್ಡ, ಒಂದು ಕಡೆ ಮುಚ್ಚಿ ಇನ್ನೊಂದು ಕಡೆ ತೆರೆದ, ಬೆಳ್ಳಿ ಬಣ್ಣದ ಲೋಹದ ಟೋಪಿಯೊಂದು ಉರುಳಿ ಬಂದು ನನ್ನ ಕಾಲಿನ ಬಳಿ ನಿಂತಿತು.

"ಇದು ಎಂತದು?" ಎಂದು ಕೇಳಿದಳು.

"ಟೋಪಿ."

"ಯಾರದ್ದು?"

"ವಯರಿನದ್ದು."

"ವಯರಿಗೆ ಟೋಪಿ ಎಂತಕ್ಕೆ, ಶೀತ ಆಗ್ತದಾ? ಬಿಸಾಡ್ಲಾ?"

ಬೇಡ ಎಂದೆ. ಯಾವ ಪ್ರಶ್ನೆಗೂ ನಾನು ಇಷ್ಟು ಬೇಗ ಉತ್ತರ ಕೊಟ್ಟವನಲ್ಲ. ಅವಳು ಒಮ್ಮೆ ನನ್ನನ್ನೂ ಒಮ್ಮೆ ಟೋಪಿಯನ್ನೂ ನೋಡಿ, ಉಳಿದದ್ದನ್ನೆಲ್ಲ ಡಬ್ಬಿಗೆ ತುಂಬಿಸಿ ಎದ್ದುಹೋದಳು.

ಈ ಟೋಪಿಯ ಕತೆಯನ್ನು ನಾನು ಬಹಳ ಸಲ ಹೇಳಿದ್ದೇನೆ. ಮದುವೆ ಊಟದ ಸಾಲಿನಲ್ಲಿ, ಬಸ್ಸಿನಲ್ಲಿ, ಒಮ್ಮೆ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬಾಯಿ ತೆರೆದುಕೊಂಡೇ ಹೇಳಿದ್ದೇನೆ. ಹೇಳಿ ಹೇಳಿ ಅದು ನಯವಾಗಿದೆ, ಮತ್ತು ನಯವಾದ ನೆನಪಿನ ಮೇಲೆ ನನಗೆ ವಿಶ್ವಾಸ ಕಡಿಮೆ. ಮೊದಲ ಸಲ ಹೇಳಿದಾಗ ಅದರಲ್ಲಿ ಮಳೆ ಇರಲಿಲ್ಲ. ಐದನೆಯ ಸಲಕ್ಕೆ ತುಂತುರು ಶುರುವಾಯಿತು. ಈಗ ಹೇಳಿದರೆ ನೇತ್ರಾವತಿಗೆ ನೆರೆ ಬರುವ ಹಾಗಿದೆ. ಅಲ್ಲದೆ ಆಗ ನಾವೆಲ್ಲ ಆಡಿದ್ದು ತುಳುವಿನಲ್ಲಿ. ಅದನ್ನು ಕನ್ನಡದಲ್ಲಿ ಬರೆಯುವಾಗಲೇ ಒಂದು ಸುಳ್ಳು ಹೇಳಿ ಆಯಿತು. ಅದು ಹೋಗಲಿ. ನನ್ನನ್ನು ಕಾಡುತ್ತಿರುವುದು ಬೇರೆ ಸಂಗತಿ. ನಾನು ಇಷ್ಟು ವರ್ಷ ಹೇಳಿಕೊಂಡು ಬಂದ ಕತೆಯ ಪ್ರಕಾರ ಈ ಟೋಪಿ ನನ್ನ ಡಬ್ಬಿಯಲ್ಲಿ ಇರಕೂಡದು.

ಎಲ್ಲಿಂದ ಶುರು ಮಾಡಲಿ? ರೇಡಿಯೊದಿಂದ ಮಾಡಬಹುದು. ಎಪ್ಪತ್ತರ ದಶಕದಲ್ಲಿ ಬೋಳಾರದ ನಮ್ಮ ಮನೆಯ ರೇಡಿಯೊಗೆ ಎರಡು ವಯರುಗಳಿದ್ದವು. ಒಂದು ಹೆಂಚಿನ ಮಾಡಿನ ಮೇಲಕ್ಕೆ, ಇನ್ನೊಂದು ಕಿಟಕಿಯಿಂದ ಇಳಿದು ದಾಸವಾಳದ ಬುಡದ ಮಣ್ಣಿನೊಳಕ್ಕೆ. ಎರಡನೆಯದಕ್ಕೆ ಎರ್ತ್ ಎಂದು ಹೆಸರು. ಸ್ವರ ಗೊರಗೊರ ಎಂದಾಗ ಅಪ್ಪ ಕುಳಿತಲ್ಲಿಂದಲೇ, "ಎರ್ತಿಗೆ ನೀರು ಹಾಕು ದಿನಕರಾ," ಎನ್ನುತ್ತಿದ್ದರು. ನಾನು ದಾಸವಾಳದ ಬುಡಕ್ಕೆ ಒಂದು ಚೆಂಬು ನೀರು ಹೊಯ್ಯುತ್ತಿದ್ದೆ. ಸ್ವರ ತಿಳಿಯಾಗುತ್ತಿತ್ತು, ಅಥವಾ ಅಪ್ಪನ ಕಿವಿ ಸಮಾಧಾನವಾಗುತ್ತಿತ್ತು. ಒಮ್ಮೆ ಅಮ್ಮ ಬಂಗುಡೆ ತೊಳೆದ ನೀರನ್ನೇ ಹೊಯ್ದುಬಿಟ್ಟೆ. ಅಂದಿನ ವಾರ್ತೆ ಪೂರ್ತಿ ಮೀನಿನ ವಾಸನೆ ಬರುತ್ತಿತ್ತೆಂದು ಅಪ್ಪ ವಾರಗಟ್ಟಲೆ ಹೇಳಿದರು. ಏನೇ ಇರಲಿ, ದೂರದ ಮಾತು ಕೇಳಬೇಕಾದರೆ ಹತ್ತಿರದ ಮಣ್ಣಿಗೆ ನೀರು ಹಾಕಬೇಕು ಎಂಬ ವಿಜ್ಞಾನ ನನ್ನಲ್ಲಿ ಆಳವಾಗಿ ಇಳಿದಿತ್ತು. ಮುಂದೆ ಆರು ತಿಂಗಳ ಕಂಪ್ಯೂಟರ್ ಕೋರ್ಸು ಮಾಡಿದ ಮೇಲೂ ಅದು ಕದಲಲಿಲ್ಲ.

ಆ ಕೋರ್ಸಿನಲ್ಲಿ ಹದಿನಾಲ್ಕು ಜನಕ್ಕೆ ಒಂದೇ ಕಂಪ್ಯೂಟರ್ ಇತ್ತು. ಎರಡು ಕಂಪ್ಯೂಟರುಗಳು ಒಂದಕ್ಕೊಂದು ಮಾತಾಡುವುದನ್ನು ನಾನು ಕಂಡದ್ದು ಕರಿಹಲಗೆಯ ಮೇಲೆ ಮಾತ್ರ. ಎರಡು ಚೌಕ, ನಡುವೆ ಒಂದು ಸೀಮೆಸುಣ್ಣದ ಗೆರೆ. ಆ ಗೆರೆ ಎಂದೂ ಕೆಡುತ್ತಿರಲಿಲ್ಲ.

ಎಂಬತ್ತರ ದಶಕ ಮುಗಿಯುತ್ತ ಬಂದಾಗ ನನಗೆ ಬಂದರಿನಲ್ಲಿ ಮಹಾಬಲ ಧಣಿಗಳ ಮಂಡಿಯಲ್ಲಿ ಕೆಲಸ ಸಿಕ್ಕಿತು. ಕೆಳಗೆ ಗೋದಾಮು, ಒಣಮೆಣಸು, ಶುಂಠಿ, ಕಾಳುಮೆಣಸಿನ ಚೀಲಗಳು. ಮೇಲೆ ಮರದ ಹಲಗೆಯ ಮಹಡಿಯಲ್ಲಿ ಆಫೀಸು. ಕೆಳಗೆ ತೂಕ ನೋಡುವವನು ಹಸನಬ್ಬ. ಅವನ ತೂಕದ ಚೀಟಿ ಮೇಲೆ ಬರಬೇಕು. ಮೇಲಿನ ರೈಟರ್ ವಾಮನಣ್ಣ ಅದನ್ನು ಲೆಕ್ಕದ ಪುಸ್ತಕಕ್ಕೆ ಇಳಿಸಿಕೊಳ್ಳಬೇಕು. ನಡುವೆ ಕಡಿದಾದ ಇಪ್ಪತ್ತೊಂದು ಮೆಟ್ಟಿಲು. ಇಪ್ಪತ್ತಮೂರೂ ಇದ್ದಿರಬಹುದು, ಏರುವಾಗ ಎಣಿಸುವ ಉಸಿರು ಯಾರಿಗಿತ್ತು?

ಈ ಮೆಟ್ಟಿಲುಗಳನ್ನು ಸೋಲಿಸಲು ವಾಮನಣ್ಣ ಬಹಳ ಹಿಂದೆಯೇ ಒಂದು ಉಪಾಯ ಮಾಡಿದ್ದ. ಮಹಡಿಯ ಹಲಗೆಯಲ್ಲಿ ಒಂದು ಚೌಕದ ತೂತು, ಅದರ ಮೂಲಕ ತೆಂಗಿನ ನಾರಿನ ಹಗ್ಗ, ಹಗ್ಗದ ತುದಿಗೆ ಬೆತ್ತದ ಬುಟ್ಟಿ, ಮೇಲಿನ ತೊಲೆಗೆ ದನದ ಕೊರಳಿನ ಒಂದು ಗಂಟೆ. ಹಸನಬ್ಬ ಚೀಟಿ ಹಾಕಿ ಹಗ್ಗ ಅಲ್ಲಾಡಿಸಿದರೆ ಮೇಲೆ ಗಂಟೆ ಬಾರಿಸುತ್ತದೆ, ವಾಮನಣ್ಣ ಎಳೆದುಕೊಳ್ಳುತ್ತಾನೆ. ಆ ಬುಟ್ಟಿಯಲ್ಲಿ ಚಾ ಬರುತ್ತಿತ್ತು, ಮರೆತ ಕೊಡೆ ಬರುತ್ತಿತ್ತು, ಒಂದು ದಿನ ಬೆಕ್ಕು ತಾನಾಗಿ ಹತ್ತಿ ಕುಳಿತು ಬಂದಿತ್ತು.

ವಾಮನಣ್ಣನ ಕುರ್ಚಿ ಆ ತೂತಿಗೂ ಕಿಟಕಿಗೂ ನಡುವೆ. ಕಿಟಕಿಯಿಂದ ನದಿ ಕಾಣುತ್ತಿತ್ತು. ಉಳ್ಳಾಲದವನಾದ ಅವನಿಗೆ ದೋಣಿ ನೀರಿನಲ್ಲಿ ಎಷ್ಟು ಕುಳಿತಿದೆ ಎಂದು ನೋಡಿದರೆ ಸಾಕು, ಒಳಗೆ ಎಂತ ಮೀನು, ಎಷ್ಟು ಎಂದು ಗೊತ್ತಾಗುತ್ತಿತ್ತು. ಹನ್ನೊಂದು ಗಂಟೆಗೆ ಅವನು ಹೇಳಿದ್ದೇ ಮಂಡಿಯವರೆಲ್ಲರ ಮನೆಯ ಮರುದಿನದ ಮೀನಿನ ಪದಾರ್ಥ. ಮನೆಯಲ್ಲಿ ಅವನಿಗೆ ಮೂವರು ಸೊಸೆಯಂದಿರು. "ಇಲ್ಲಿ ಬುಟ್ಟಿಯಾದ್ರೂ ನಾನು ಹೇಳಿದ ಹಾಗೆ ಕೇಳ್ತದೆ ಮಾರಾಯ," ಎನ್ನುತ್ತಿದ್ದ.

ಅವನ ಇನ್ನೊಂದು ಗುಣವನ್ನೂ ಹೇಳಬೇಕು. ಮಂಡಿಯಲ್ಲಿ ಚೀಲದ ಹೊಲಿಗೆ ಬಿಚ್ಚಿದ ಹುರಿಯನ್ನು ಯಾರೂ ಬಿಸಾಡುವುದಿಲ್ಲ, ಉಂಡೆ ಸುತ್ತಿ ಇಡುತ್ತಾರೆ. ವಾಮನಣ್ಣ ಈ ನಿಯಮವನ್ನು ಇಡೀ ಪ್ರಪಂಚಕ್ಕೆ ಹಬ್ಬಿಸಿದ್ದ. ಪೆನ್ನಿನ ಮುಚ್ಚಳ, ಮೊಳೆ, ತಿರುಪು, ಯಾವುದಕ್ಕೂ ಸೇರದೆ ಸುಮ್ಮನೆ ಇರುವುದು ಎಂತದೇ ಕಂಡರೂ ಅದು ಅವನ ಮೇಜಿನ ತಗಡಿನ ಡಬ್ಬಿಗೆ ಹೋಗುತ್ತಿತ್ತು.

ಕಂಪ್ಯೂಟರುಗಳು ಬಂದದ್ದು ಬೊಂಬಾಯಿಯಿಂದ. ಅಲ್ಲಿ ಧಣಿಗಳ ಅಣ್ಣನದು ಹೋಟೆಲು. ನಾವು ಅವರನ್ನು ದೊಡ್ಡ ಧಣಿಗಳು ಎನ್ನುತ್ತಿದ್ದೆವು. ಅಣ್ಣನ ಹಳೆಯ ಅಂಗಿ ತಮ್ಮನಿಗೆ ಬರುವ ಹಾಗೆ, ಹೋಟೆಲಿಗೆ ಹೊಸದು ಬಂದಾಗ ಹಳೆಯ ಎರಡು ನಮ್ಮ ಮಂಡಿಗೆ ಬಂದವು. ಜೊತೆಗೆ ಒಬ್ಬ ತೆಳ್ಳಗಿನ ಮನುಷ್ಯ ಬಂದು, ಒಂದನ್ನು ಕೆಳಗೆ, ಒಂದನ್ನು ಮೇಲೆ ಇಟ್ಟು, ನಡುವಿನ ಕಪ್ಪು ವಯರನ್ನು ಬುಟ್ಟಿಯ ತೂತಿನಿಂದಲೇ ಹಾಯಿಸಿದ. ಎರಡೂ ಕಡೆ ಮೆಷಿನಿನ ಬೆನ್ನಿಗೆ, ಎರಡೂ ಕೈ ಚಾಚಿ ನಿಂತ ಮನುಷ್ಯನ ಹಾಗೆ ಒಂದು ಪುಟ್ಟ ಲೋಹದ ಕೊಂಡಿ. ಅದರ ಒಂದು ಕೈಗೆ ವಯರು, ಇನ್ನೊಂದು ಕೈಗೆ ಟೋಪಿ. ಟೋಪಿ ಎಂತಕ್ಕೆ ಎಂದು ಅವನು ವೇಗವಾಗಿ ವಿವರಿಸಿದ. ನಾನು ತಲೆ ಆಡಿಸಿದೆ. ಕೋರ್ಸಿನಲ್ಲಿ ನಾನು ಚೆನ್ನಾಗಿ ಕಲಿತ ವಿದ್ಯೆ ಅದೊಂದೇ. ಕೆಳಗೆ ಹಸನಬ್ಬ ಒತ್ತಿದ ಅಂಕಿ ಮೇಲೆ ಮೂಡಿತು. ಧಣಿಗಳು ಕೈ ಮುಗಿದರು. ತೆಳ್ಳಗಿನವನು ಎರಡು ದಿನ ಮೀನು ಊಟ ಮಾಡಿ ಹೋದ. ಆಮೇಲೆ ದುಬೈಗೇ ಹೋದನಂತೆ.

ಅವನು ಹೋದ ಮುಂದಿನ ಸೋಮವಾರ ಎರಡೂ ಮೆಷಿನುಗಳು ಮಾತು ಬಿಟ್ಟವು.

"ದಿನಕರಾ," ಎಂದರು ಧಣಿಗಳು, "ಶುಕ್ರವಾರ ಅಣ್ಣ ನೋಡ್ಲಿಕ್ಕೆ ಬರ್ತಾರೆ. ಅಷ್ಟರೊಳಗೆ ಇವು ಮಾತಾಡಿದ್ರೆ ನೀನು ಖಾಯಂ. ಇಲ್ಲದಿದ್ರೆ ಮೆಷಿನ್ ಬೊಂಬಾಯಿಗೆ, ನೀನು ಕಾಟಿಪಳ್ಳಕ್ಕೆ."

ಕಾಟಿಪಳ್ಳದಲ್ಲಿ ನನ್ನ ಮಾವನ ಸೈಕಲ್ ಅಂಗಡಿ ಇತ್ತು. ಅಲ್ಲಿ ಎರಡು ವರ್ಷ ನಾನು ಪಂಕ್ಚರ್ ಹಾಕಿದ್ದೆ. ತೂತು ಎಲ್ಲಿದೆ ಎಂದು ಗೊತ್ತಾಗದಿದ್ದರೆ ಟ್ಯೂಬನ್ನು ನೀರಿನಲ್ಲಿ ಮುಳುಗಿಸಿ ಗುಳ್ಳೆ ನೋಡುವುದು. ವಯರನ್ನು ಮುಳುಗಿಸುವ ಯೋಚನೆಯೂ ನನಗೆ ಬಂದಿತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ.

ಮೊದಲು ಎರಡನ್ನೂ ಆರಿಸಿ ಹೊತ್ತಿಸಿದೆ. ಆಮೇಲೆ ಒಂದನ್ನು ಆರಿಸಿ ಇನ್ನೊಂದನ್ನು ಹೊತ್ತಿಸಿದೆ. ಇದರಿಂದ ಎಂತ ತಿಳಿಯಿತೆಂದರೆ, ಅವು ಆರುತ್ತವೆ ಮತ್ತು ಹೊತ್ತುತ್ತವೆ. ಬಂದರಿನ ಇಲಿಗಳು ದೊಡ್ಡವು; ವಯರು ಕಡಿದಿರಬಹುದೆಂದು ಏಣಿ ಇಟ್ಟು ಮೊಳ ಮೊಳ ಸವರಿ ನೋಡಿದೆ. ಬುಟ್ಟಿಯ ಹಗ್ಗ ಉಜ್ಜಿರಬಹುದೆಂದು ತೂತಿನಲ್ಲಿ ತಲೆ ಹಾಕಿ ನೋಡಿದೆ. ಎಲ್ಲ ಸರಿಯಿತ್ತು.

"ಉಪ್ಪುಗಾಳಿಗೆ ತುಕ್ಕು ಹಿಡ್ದಿರ್ತದೆ," ಎಂದ ವಾಮನಣ್ಣ. ಅವನ ಸೈಕಲ್ಲು, ಕೊಡೆ, ಬೀಗ, ಮೊಣಕಾಲು ಎಲ್ಲಕ್ಕೂ ಮದ್ದು ಒಂದೇ. ಕೋಳಿ ಪುಕ್ಕದಲ್ಲಿ ತೆಂಗಿನೆಣ್ಣೆ ಅದ್ದಿ ಮೇಲಿನ ಕೊಂಡಿಗೆ ಹಚ್ಚಿದ. ಮೆಷಿನ್ ಮಾತಾಡಲಿಲ್ಲ, ಆದರೆ ಸಂಜೆಗೆ ಇರುವೆಗಳು ಬಂದವು.

ಬುಧವಾರ ಮಧ್ಯಾಹ್ನ ನಾನು ಗೋದಾಮಿನ ಹಿಂದಿನ ಎರ್ತಿನ ಗುಂಡಿಗೆ ನಾಲ್ಕು ಕೊಡ ನೀರು ಹೊಯ್ದೆ.

"ಎಂತ ನೆಟ್ಟಿದ್ದೀರಿ, ಬಸಳೆಯಾ?" ಎಂದು ಹಸನಬ್ಬ ಕೇಳಿದ.

ಆ ನಾಲ್ಕು ದಿನಗಳಲ್ಲಿ ನಾನು ನೋಡದೆ ಬಿಟ್ಟ ಜಾಗ ಒಂದೇ. ಕೆಳಗಿನ ಕೊಂಡಿಗೆ ಟೋಪಿ ಇತ್ತು, ಮೇಲಿನದಕ್ಕೆ ಇರಲಿಲ್ಲ. ಅದನ್ನು ಕಂಡೇ ಇರಲಿಲ್ಲ ಎಂದಲ್ಲ. ಕೆಳಗೆ ಮೆಣಸಿನ ಧೂಳು, ಆದ್ದರಿಂದ ಟೋಪಿ. ಮೇಲೆ ಧೂಳಿಲ್ಲ, ಆದ್ದರಿಂದ ಬೇಡ, ಎಂದು ನನ್ನ ಬುದ್ಧಿ ಕೂಡಲೇ ತೀರ್ಪು ಕೊಟ್ಟು ಮುಂದೆ ಹೋಗಿತ್ತು. ತರ್ಕ ಚೆನ್ನಾಗಿದ್ದರೆ ಮನುಷ್ಯ ಬೇಗ ದಾರಿ ತಪ್ಪುತ್ತಾನೆ.

ಗುರುವಾರ ಸಂಜೆ ನಾನು ವಾಮನಣ್ಣನ ಹತ್ತಿರ, "ನಾಳೆ ಕಾಟಿಪಳ್ಳ," ಎಂದೆ.

ಅವನು ಬುಟ್ಟಿಯ ತೂತಿನ ಕಡೆ ನೋಡಿದ. "ಮೆಷಿನ್ ಮಾತಾಡಬೇಕು, ಅಷ್ಟೇ ಅಲ್ವಾ? ಈ ಮಹಡಿಗೂ ಗೋದಾಮಿಗೂ ನಾನು ಇಷ್ಟು ವರ್ಷ ಮಾತಾಡಿಸಿದ್ದೇನೆ. ಇನ್ನೊಂದು ದಿನ ಮಾತಾಡಿಸುವ."

ಮರುದಿನ ದೊಡ್ಡ ಧಣಿಗಳು ಬಂದರು. ಬಹಳ ತೂಕದ ಶರೀರ. ಕೆಳಗೆ ಹಸನಬ್ಬನ ಪಕ್ಕ ನಿಂತು, "ಎಪ್ಪತ್ತೆರಡು ಹಾಕು," ಎಂದರು. ಮೇಲೆ ತೂತಿನ ಬಳಿ ಕಿವಿ ಇಟ್ಟಿದ್ದ ವಾಮನಣ್ಣ ನನಗೆ ಏಳು ಬೆರಳು, ಆಮೇಲೆ ಎರಡು ಬೆರಳು ತೋರಿಸಿದ. ನಾನು ಒತ್ತಿದೆ. ಅವರು ನಡುವೆ ಎರಡು ಕಡೆ ನಿಂತು ಮೆಟ್ಟಿಲು ಏರಿ ಬರುವಾಗ ಎಪ್ಪತ್ತೆರಡು ತಣ್ಣಗೆ ಕುಳಿತು ಕಾಯುತ್ತಿತ್ತು.

"ಭಾರಿ ಉಂಟಲ್ಲ," ಎಂದು ಉಸಿರು ಬಿಟ್ಟರು. ಅಲ್ಲಿಗೆ ಮುಗಿಯುತ್ತದೆ ಎಂದುಕೊಂಡೆವು. ಅವರು ನನ್ನ ಕುರ್ಚಿಯಲ್ಲಿ ಕುಳಿತು, "ಈಗ ಇಲ್ಲಿಂದ ನಾನೇ ಕಳಿಸ್ತೇನೆ. ಬಾಯಲ್ಲಿ ಹೇಳುದಿಲ್ಲ," ಎಂದು ಒಂದೇ ಬೆರಳಿನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ತಮ್ಮ ತಾಯಿಯ ಹೆಸರು ಒತ್ತಿದರು. ಸೀತಮ್ಮ.

ನಾನು ಬೆನ್ನ ಹಿಂದೆ ನಿಂತು ಅದನ್ನು ಹಾಗೇ ಚೀಟಿಯಲ್ಲಿ ಬರೆದು ವಾಮನಣ್ಣನಿಗೆ ದಾಟಿಸಿದೆ.

"ಧಣಿಗಳಿಗೆ ಬಾಯಾರಿಕೆ ಆಗಿರ್ತದೆ. ಚಾ ತರಿಸ್ತೇನೆ," ಎಂದ ವಾಮನಣ್ಣ. ಹೇಳಿದ ಮಾತಿಗೆ ದಾಖಲೆ ಇರಲಿ ಎಂದು ಅದೇ ಚೀಟಿಯಲ್ಲಿ ನನ್ನ ಅಕ್ಷರದ ಕೆಳಗೆ, ಮೆಷಿನಿನ ಇಂಗ್ಲಿಷ್ ಲಿಪಿಯಲ್ಲೇ, ಚಾ ಮೂರು ಎಂದು ಬರೆದು ಬುಟ್ಟಿ ಇಳಿಸಿದ. ಬುಟ್ಟಿ ಇಳಿಯುವುದನ್ನು ದೊಡ್ಡ ಧಣಿಗಳು ಕಣ್ಣಾರೆ ನೋಡಿದರು.

ಹಸನಬ್ಬ ತೂಕದ ಮನುಷ್ಯ. ಚೀಟಿಯಲ್ಲಿ ಇದ್ದದ್ದು ಇದ್ದ ಹಾಗೆ ಏರಬೇಕು, ಒಂದು ಗುಲಗಂಜಿ ಹೆಚ್ಚಿಲ್ಲ, ಕಡಿಮೆಯಿಲ್ಲ. ಅವನು ಪೂರ್ತಿ ಚೀಟಿಯನ್ನು ಅಕ್ಷರ ಅಕ್ಷರ ಹೊಂದಿಸಿ ಒತ್ತಿದ. ದೊಡ್ಡ ಧಣಿಗಳು ಇಳಿದು ಹೋಗಿ ನೋಡುವಾಗ ಪರದೆಯ ಮೇಲೆ ಸೀತಮ್ಮ, ಅದರ ಕೆಳಗೆ ಚಾ ಮೂರು.

ನಾನು ಅವರ ಹಿಂದೆಯೇ ಇಳಿದು ಬಂದಿದ್ದೆ. ಸೈಕಲ್ ಟ್ಯೂಬಿನ ವಾಸನೆ ನನ್ನ ಮೂಗಿಗೆ ಬಂದೇಬಿಟ್ಟಿತು.

"ಇದು ಎಂತ, ಚಾ?" ಎಂದರು.

"ಅದು... ನಾನು ಮೇಲಿಂದ ಸೇರಿಸಿದ್ದು," ಎಂದೆ. "ನೀವು ಎದ್ದ ಮೇಲೆ."

ಅವರು ಪಕ್ಕದಲ್ಲಿದ್ದ ತಮ್ಮನ ಕಡೆ ತಿರುಗಿದರು. "ನೋಡಿದಿಯಾ ಮಹಾಬಲ? ಚಾ ಸಹ ಇದರಲ್ಲೇ ಹೇಳಿ ಆಯ್ತು. ನಮ್ಮ ಹೋಟೆಲಿನವರಿಗೆ ಇಷ್ಟು ತಲೆ ಹೋಗಿರ್ಲಿಲ್ಲ. ಇವನನ್ನು ಖಾಯಂ ಮಾಡು."

ಅಷ್ಟರಲ್ಲಿ ಚಾ ಬಂತು. ಗ್ಲಾಸು ಹಿಡಿದು ಅವರು ತೂತಿನ ಕಡೆ ತಲೆ ಎತ್ತಿದರು. ಮೇಲಿಂದ ವಾಮನಣ್ಣನ ಮುಖ ಕಾಣುತ್ತಿತ್ತು.

"ಇನ್ನು ಆ ಬುಟ್ಟಿ ಎಂತಕ್ಕೆ? ವಾಮನಾ, ನೀನು ಈ ತಿಂಗಳು ಮುಗಿಸಿ ಆರಾಮ ಮಾಡು. ಬೇಕಾದಷ್ಟು ದುಡಿದಾಯ್ತು."

"ಆಯ್ತು ಧಣಿ," ಎಂದಿತು ಮೇಲಿನ ಮುಖ.

ಬುಟ್ಟಿ ಬೇಡ ಎಂದು ಸಾಬೀತು ಮಾಡಿದ್ದು ಬುಟ್ಟಿಯೇ. ನಾನು ಮೇಲೆ ಹೋದೆ. ವಾಮನಣ್ಣನೇ, "ಚಾ ಮೂರು ಬರೆದದ್ದು ನಂದು ತಪ್ಪು. ಆದ್ರೆ ಅದರಿಂದಲೇ ನೀನು ಪಾಸಾದದ್ದು," ಎಂದು ನಕ್ಕ. ಆಮೇಲೆ ಎಂದಿಗಿಂತ ಸ್ವಲ್ಪ ಹೆಚ್ಚು ಹೊತ್ತು ದೋಣಿಗಳನ್ನು ನೋಡಿದ.

ಮುಂದಿನ ಹತ್ತು ದಿನ ನಾವು ಮಾಡಿದ ಕೆಲಸ ವಿಚಿತ್ರವಾದದ್ದು. ಮೆಷಿನ್ ನಡೆಯುತ್ತಿದೆ ಎಂದು ಧಣಿಗಳು ನಂಬಿದ್ದರು. ಮೆಷಿನಿನಿಂದಾಗಿ ಕೆಲಸ ಕಳೆದುಕೊಂಡ ಮನುಷ್ಯ ಗಂಟೆಯ ನಾಲಗೆಗೆ ಬಟ್ಟೆ ಸುತ್ತಿ, ಮೆಷಿನ್ ಮಾಡಬೇಕಾದ ಕೆಲಸವನ್ನು ಸದ್ದಿಲ್ಲದೆ ಮಾಡುತ್ತಿದ್ದ. ನಾನು ಕೋರ್ಸಿನ ಮೇಷ್ಟ್ರಿಗೆ ಕಾಗದ ಬರೆದೆ. ಅವರ ಕಾರ್ಡು ಬಂತು. ವಯರಿನ ಎರಡೂ ತುದಿಗೆ ಮುಚ್ಚಳ ಇದೆಯೇ ನೋಡು, ಎಂದು ಬರೆದಿದ್ದರು. ಇಲ್ಲದಿದ್ದರೆ ಹೋದ ಮಾತು ತುದಿಗೆ ಬಡಿದು ಹಿಂದೆ ಬರುತ್ತದೆ. ಆ ಗಲಾಟೆಯಲ್ಲಿ ಯಾರಿಗೂ ಏನೂ ಕೇಳುವುದಿಲ್ಲ. ಇಲ್ಲಿ ಜೀವನದ ಬಗ್ಗೆ ಒಂದು ದೊಡ್ಡ ಮಾತು ಹೇಳಲು ಒಳ್ಳೆಯ ಜಾಗವಿದೆ. ನಾನು ಹೇಳುವುದಿಲ್ಲ.

ಕಾರ್ಡನ್ನು ಜೋರಾಗಿ ಓದಿದೆ. ವಾಮನಣ್ಣ ತನ್ನ ಡಬ್ಬಿ ತೆರೆದು, ಪೆನ್ನಿನ ಮುಚ್ಚಳಗಳ ನಡುವೆ ಬೆರಳಾಡಿಸಿ, ಟೋಪಿಯನ್ನು ಹೊರಗೆ ತೆಗೆದ.

"ಇದಾ?"

"ಎಲ್ಲಿ ಸಿಕ್ಕಿತು?"

"ಆ ತುದಿಯಲ್ಲಿ ಇತ್ತು. ಅದಕ್ಕೆ ಎಂತದೂ ಸೇರಿಸಿರ್ಲಿಲ್ಲ ಮಾರಾಯ, ಸುಮ್ಮನೆ ಕೂತಿತ್ತು. ಬಿದ್ದು ಹೋಗ್ತದೆ ಅಂತ ತೆಗೆದಿಟ್ಟೆ."

ಟೋಪಿ ಹಾಕಿದೆ. ಕೆಳಗೆ ಹಸನಬ್ಬ ಒತ್ತಿದ ಅಂಕಿ ಮೇಲೆ ಮೂಡಿತು.

ನಾನು ಕತೆಯನ್ನು ಇಲ್ಲಿ ನಿಲ್ಲಿಸುತ್ತಿದ್ದೆ. ಎಲ್ಲರೂ ನಗುತ್ತಿದ್ದರು. ಜಿಪುಣ ಮುದುಕ, ತಗಡಿನ ಡಬ್ಬಿ, ನಾಲ್ಕು ಕೊಡ ನೀರು. ಆದರೆ ಆ ಮೆಷಿನುಗಳಿಗೆ ಇದ್ದದ್ದು ಎರಡೇ ಟೋಪಿ. ಕೆಳಗಿನದು ಕೆಳಗೇ ಇತ್ತು. ಮೇಲಿನದನ್ನು ನಾನೇ ತಿರುಗಿಸಿ ಹಾಕಿದ್ದೆ. ಹಾಗಾದರೆ ಮೊನ್ನೆ ಚಾಪೆಯ ಮೇಲೆ ಉರುಳಿ ಬಂದದ್ದು ಯಾವುದು?

ನೆನಪು ಇದಕ್ಕೆ ಒಂದು ಉತ್ತರ ಕೊಡುತ್ತದೆ. ತಿಂಗಳ ಕೊನೆಯ ವಾರ ಮೆಣಸಿನ ಧೂಳು ಒರೆಸಲು ನಾನು ಟೋಪಿ ತೆಗೆದೆನಂತೆ. ಅಷ್ಟರಲ್ಲಿ ಧಣಿಗಳು ಕರೆದರಂತೆ. ಜೇಬಿಗೆ ಹಾಕಿಕೊಂಡು ಮರೆತೆನಂತೆ. ಧಣಿಗಳ ಸ್ವರ ಸಹ ಕಿವಿಯಲ್ಲಿ ಉಂಟು. ಆದರೆ ಮೇಲೆ ಧೂಳಿರಲಿಲ್ಲ ಎಂದು ನಾನೇ ಆಗಲೇ ಬರೆದಿದ್ದೇನಲ್ಲ.

ನಿಜವಾಗಿ ನೆನಪಿರುವುದು ಇಷ್ಟು. ಮೆಷಿನ್ ಮಾತಾಡಲು ಶುರು ಮಾಡಿದ ಮೇಲೆ ಮಹಡಿ ಬಹಳ ಮೌನವಾಯಿತು. ವಾಮನಣ್ಣನ ಕೈ ಆಗಾಗ ಹಗ್ಗದ ತನಕ ಹೋಗಿ, ಕೆಲಸವಿಲ್ಲವೆಂದು ನೆನಪಾಗಿ, ಮೊಣಕಾಲಿಗೆ ಮರಳುತ್ತಿತ್ತು. ಒಂದು ಬೆಳಿಗ್ಗೆ ನಾನು ಧಣಿಗಳ ಮುಂದೆ ನಿಂತು, "ಪುನಃ ಹೋಯ್ತು," ಎಂದೆ.

"ಎಂತ ಆಯ್ತು?"

"ಹುಡುಕ್ಬೇಕು."

"ಎಷ್ಟು ದಿನ?"

"ಹೇಳ್ಲಿಕ್ಕೆ ಆಗುದಿಲ್ಲ."

ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ನಿನ್ನನ್ನು ಖಾಯಂ ಮಾಡಿದ್ದು ಅವಸರ ಆಯ್ತೋ ಎಂತದೋ. ಸರಿ ಆಗುವ ತನಕ ವಾಮನ ಇರಲಿ."

ಆ ದೋಷವನ್ನು ನಾನು ಎರಡು ವರ್ಷ ಹುಡುಕಿದೆ. ಏಣಿ ಏರಿದೆ, ವಯರು ಸವರಿದೆ, ಬೇಸಿಗೆಯಲ್ಲಿ ಎರ್ತಿಗೆ ನೀರೂ ಹೊಯ್ದೆ. ಕೊನೆಗೆ ವಾಮನಣ್ಣನ ಮೊಣಕಾಲುಗಳೇ ಇನ್ನು ಮೆಟ್ಟಿಲು ಬೇಡ ಎಂದವು; ತಾನಾಗಿ ಬಿಟ್ಟ. ಅಷ್ಟರಲ್ಲಿ ಮೆಷಿನುಗಳೂ ಮುದಿಯಾಗಿದ್ದವು. ಯಾರಿಗೋ ಕೊಟ್ಟೆವು.

ದಯೆಯಿಂದ ಮಾಡಿದೆ ಎಂದು ಬರೆಯಲು ಆಸೆಯಾಗುತ್ತದೆ. ಮರುದಿನದ ಮೀನು ಯಾವುದೆಂದು ಅಮ್ಮನಿಗೆ ಹೇಳುವವರು ಬೇಕಿತ್ತು ಎಂಬುದೂ ಅಷ್ಟೇ ನಿಜ.

ಆ ಬೆಳಿಗ್ಗೆ ಧಣಿಗಳ ಕೋಣೆಯಿಂದ ಬಂದು ನಾನು ನನ್ನ ಕುರ್ಚಿಯಲ್ಲಿ ಕುಳಿತಿದ್ದೆ. ವಾಮನಣ್ಣ ಬಂದು ಕೊಡೆ ನೇತು ಹಾಕಿದ. ಮೆಷಿನಿನ ಬೆನ್ನ ಹಿಂದೆ ಹೋಗಿ ಕೊಂಡಿಯ ಖಾಲಿ ತುದಿಯನ್ನು ಬೆರಳಿನಲ್ಲಿ ಮುಟ್ಟಿ ನೋಡಿದ. ತನ್ನ ಡಬ್ಬಿ ತೆರೆದು ನೋಡಿ ಮುಚ್ಚಿದ. ಆಮೇಲೆ ನನ್ನ ಅಂಗಿಯ ಜೇಬನ್ನು ನೋಡಿದ. ಆಗಿನ ಟೆರಿಲಿನ್ ಅಂಗಿ ಬಹಳ ತೆಳು, ಒಳಗೆ ಎಂತದಿದ್ದರೂ ಉಬ್ಬಿ ಕಾಣುತ್ತಿತ್ತು.

ಅವನು ಗಂಟೆಯ ನಾಲಗೆಗೆ ಸುತ್ತಿದ್ದ ಬಟ್ಟೆಯನ್ನು ಬಿಚ್ಚಿದ. ಅದನ್ನು ನಾಲ್ಕು ಮಡಿಕೆ ಮಡಿಸಿ ಡಬ್ಬಿಗೆ ಹಾಕಿದ.

"ಬುಟ್ಟಿ ಇಳಿಸ್ಲಾ?" ಎಂದು ಕೇಳಿದ.

"ಇಳಿಸಿ," ಎಂದೆ.